ಒಂದು ಸಾವು, ನಾಲ್ಕು ಉತ್ತರ: 'ರಶೋಮನ್' ಕಂಡವರಿಗೆ ಸುರಪುರದ ಕತೆ

ಶಹಾಪುರದ ಬೆಟ್ಟದಲ್ಲಿ ಮಲಗಿರುವ ಬುದ್ಧನನ್ನು ನೋಡಬೇಕಾದರೆ ಎಲ್ಲಿ ನಿಲ್ಲಬೇಕು ಎಂಬುದು ತಿಳಿದಿರಬೇಕು. ಊರ ಹೊರಗಿನ ರಸ್ತೆಯಲ್ಲಿ ಒಂದು ಕಡೆ ನಿಂತರೆ ಹಣೆ, ಮೂಗು, ಗದ್ದ, ಎದೆ ಎಲ್ಲವೂ ಸಾಲಾಗಿ ಕಾಣುತ್ತವೆ. ಬಸ್ಸು ಇನ್ನಷ್ಟು ಮುಂದೆ ಹೋಯಿತೋ, ಬುದ್ಧ ಮಾಯ. ಉಳಿಯುವುದು ಬರೀ ಗುಡ್ಡ, ಬಂಡೆ. ಬಂಡೆಯೂ ಸುಳ್ಳಲ್ಲ, ಬುದ್ಧನೂ ಸುಳ್ಳಲ್ಲ. ಯಾದಗಿರಿ, ಶಹಾಪುರ, ಸುರಪುರದ ಮಂದಿಗೆ ಇದು ಚಿಕ್ಕಂದಿನಿಂದ ಗೊತ್ತಿರುವ ಸಂಗತಿ. ಆದ್ದರಿಂದ ಜಪಾನಿನ ಒಂದು ಹಳೆಯ ಸಿನಿಮಾದ ಬಗ್ಗೆ ಇವರ ಮುಂದೆ ಮಾತನಾಡುವುದು ಅಷ್ಟೇನೂ ಕಷ್ಟವಲ್ಲ.

ಆ ಚಿತ್ರ 'ರಶೋಮನ್'. ಅಕಿರಾ ಕುರೊಸಾವ ನಿರ್ದೇಶಿಸಿದ, 88 ನಿಮಿಷಗಳ, ಕಪ್ಪು ಬಿಳುಪಿನ ಚಿತ್ರ. 1950ರ ಆಗಸ್ಟ್‌ನಲ್ಲಿ ಜಪಾನಿನಲ್ಲಿ ತೆರೆ ಕಂಡಿತು. ಅದರಲ್ಲಿ ಒಂದು ಅತ್ಯಾಚಾರವಿದೆ, ಒಂದು ಸಾವಿದೆ, ಒಂದು ಕಳವಿದೆ, ವಿಚಾರಣೆಯೂ ಇದೆ. ಲೆಕ್ಕಕ್ಕೆ ಅದು ಅಪರಾಧ ಚಿತ್ರವೇ. ಆದರೆ ಸಾಮಾನ್ಯ ಪತ್ತೇದಾರಿ ಚಿತ್ರ ನೋಡಿ ಹೊರಬಂದವರಿಗೆ ಕೊಲೆಗಾರ ಯಾರೆಂದು ತಿಳಿದಿರುತ್ತದೆ. ಮನೆ ಮುಟ್ಟುವಷ್ಟರಲ್ಲಿ ಚಿತ್ರ ಮರೆತೂ ಹೋಗಿರುತ್ತದೆ. 'ರಶೋಮನ್' ನೋಡಿದವರಿಗೆ ಕೊಲೆಗಾರ ಯಾರೆಂಬುದು ಕೊನೆಗೂ ತಿಳಿಯುವುದಿಲ್ಲ. ಅದಕ್ಕೇ ಅದು ಮನೆಯವರೆಗೂ, ಆಮೇಲೆ ವರ್ಷಗಟ್ಟಲೆಯೂ ಬೆನ್ನು ಹತ್ತಿ ಬರುತ್ತದೆ.

ಕತೆ ಹೀಗಿದೆ. ಹಿಂದಿನ ಕಾಲದ ಕ್ಯೋತೊ ಪಟ್ಟಣದ ಒಂದು ಮುರುಕಲು ಹೆಬ್ಬಾಗಿಲು. ಅದರ ಹೆಸರೇ ರಶೋಮನ್. ಹೊರಗೆ ಜಡಿಮಳೆ. ಬೂದು ಆಕಾಶದ ಎದುರು ಮಳೆಯ ಎಳೆಗಳು ಕಾಣಲಿ ಎಂದು ಕುರೊಸಾವ ನೀರಿಗೆ ಕರಿ ಮಸಿ ಬೆರೆಸಿ ಸುರಿಸಿದ್ದರು. ಮಳೆಗೆ ನಿಂತವರು ಮೂವರು: ಒಬ್ಬ ಸೌದೆ ಕಡಿಯುವವನು, ಒಬ್ಬ ಬೌದ್ಧ ಭಿಕ್ಷು, ಒಬ್ಬ ದಾರಿಹೋಕ. ಮೊದಲಿಬ್ಬರು ಅದೇ ಈಗ ನ್ಯಾಯಸ್ಥಾನದಲ್ಲಿ ಸಾಕ್ಷಿ ಹೇಳಿ ಬಂದಿದ್ದಾರೆ. ಕೇಳಿದ್ದನ್ನು ಅರಗಿಸಿಕೊಳ್ಳಲಾಗದೆ ಮೂರನೆಯವನ ಮುಂದೆ ಹೇಳಿಕೊಳ್ಳುತ್ತಾರೆ.

ಕಾಡಿನ ದಾರಿಯಲ್ಲಿ ಒಬ್ಬ ಸಮುರಾಯ್ ತನ್ನ ಹೆಂಡತಿಯನ್ನು ಕುದುರೆಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ತಾಜೊಮಾರು ಎಂಬ ದರೋಡೆಕೋರ ಅವನನ್ನು ಮೋಸದಿಂದ ಕಟ್ಟಿಹಾಕಿ ಹೆಂಡತಿಯ ಮಾನ ಕಳೆದ. ಆಮೇಲೆ ಸಮುರಾಯ್ ಸತ್ತು ಬಿದ್ದ. ಇಷ್ಟರಲ್ಲಿ ತಕರಾರಿಲ್ಲ. ಸತ್ತದ್ದು ಹೇಗೆ ಎಂಬಲ್ಲಿ ತಕರಾರು. ಕತ್ತಿಗೆ ಕತ್ತಿ ಇಪ್ಪತ್ಮೂರು ಸಲ ತಾಗುವಂತೆ ಹೋರಾಡಿ, ಗಂಡಸಿನ ಹಾಗೆ ಕೊಂದೆ ಎಂದು ದರೋಡೆಕೋರ ಹೇಳುತ್ತಾನೆ. ಗಂಡ ತನ್ನತ್ತ ತಿರಸ್ಕಾರದಿಂದ ನೋಡಿದ, ಆ ನೋಟ ತಾಳಲಾರದೆ ಎಚ್ಚರ ತಪ್ಪಿದೆ, ಎಚ್ಚೆತ್ತಾಗ ಕಠಾರಿ ಅವನ ಎದೆಯಲ್ಲಿತ್ತು ಎಂದು ಹೆಂಡತಿ ಹೇಳುತ್ತಾಳೆ. ಮೂರನೆಯ ಸಾಕ್ಷಿ ಸತ್ತವನೇ. ಮೈಮೇಲೆ ಆತ್ಮ ಬರಿಸಿಕೊಳ್ಳುವ ಒಬ್ಬಳ ಬಾಯಿಂದ ಅವನು ನುಡಿಯುತ್ತಾನೆ. ಹೆಂಡತಿಯ ದ್ರೋಹಕ್ಕೆ ಮನನೊಂದು ತಾನೇ ಇರಿದುಕೊಂಡೆ ಎಂಬುದು ಅವನ ಹೇಳಿಕೆ. ನ್ಯಾಯಸ್ಥಾನದಲ್ಲಿ ಬರೀ ಹೆಣ ಕಂಡೆನೆಂದು ಹೇಳಿದ್ದ ಸೌದೆಯವನು ಹೆಬ್ಬಾಗಿಲಲ್ಲಿ ನಿಜ ಬಿಡುತ್ತಾನೆ: ಎಲ್ಲವನ್ನೂ ಪೊದೆಯ ಮರೆಯಿಂದ ತಾನು ಕಂಡಿದ್ದೆ, ಅಲ್ಲಿ ವೀರಾವೇಶವೇನೂ ಇರಲಿಲ್ಲ, ಇಬ್ಬರು ಗಂಡಸರೂ ಕೈಕಾಲು ನಡುಗಿಸುತ್ತ, ಎಡವಿ ಬೀಳುತ್ತ ಹೊಡೆದಾಡಿದರು. ನೋಡುವವರು ಇವನನ್ನು ನಂಬಿಬಿಡುತ್ತಾರೆ. ಅಷ್ಟರಲ್ಲಿ ದಾರಿಹೋಕ ಒಂದು ಪ್ರಶ್ನೆ ಎಸೆಯುತ್ತಾನೆ. ಮುತ್ತು ಕೂಡಿಸಿದ ಆ ಬೆಲೆಬಾಳುವ ಕಠಾರಿ ಎಲ್ಲಿ ಹೋಯಿತು? ಸೌದೆಯವನು ತಲೆ ತಗ್ಗಿಸುತ್ತಾನೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕೊಲೆ ಮೊಕದ್ದಮೆಯಲ್ಲಿ ಎಲ್ಲರೂ 'ನಾನಲ್ಲ' ಎನ್ನುವುದು ವಾಡಿಕೆ. ಈ ಚಿತ್ರದಲ್ಲಿ ಸಾವನ್ನು ಎಲ್ಲರೂ ತಮ್ಮ ಮೈಮೇಲೆ ಎಳೆದುಕೊಳ್ಳುತ್ತಾರೆ. ದರೋಡೆಕೋರ ತಾನು ಕೊಂದೆನೆನ್ನುತ್ತಾನೆ. ಹೆಂಡತಿಯ ಮಾತು ಬಹುಶಃ ತನ್ನ ಕೈಯಿಂದಲೇ ಆಯಿತೆಂಬ ಅರ್ಥ ಕೊಡುತ್ತದೆ. ಸತ್ತವನು ತಾನೇ ಸತ್ತೆನೆನ್ನುತ್ತಾನೆ. ಶಿಕ್ಷೆ ತಪ್ಪಿಸಿಕೊಳ್ಳಲು ಇವರು ಸುಳ್ಳು ಹೇಳುತ್ತಿಲ್ಲ. ತಮ್ಮ ಕಣ್ಣಿಗೆ ತಾವು ಸಣ್ಣವರಾಗದಿರಲಿ ಎಂದು ಹೇಳುತ್ತಿದ್ದಾರೆ. ನ್ಯಾಯಾಧೀಶ ಚಿತ್ರದಲ್ಲಿ ಒಮ್ಮೆಯೂ ಕಾಣಿಸುವುದಿಲ್ಲ, ಅವನ ದನಿಯೂ ಕೇಳಿಸುವುದಿಲ್ಲ. ಸಾಕ್ಷಿಗಳು ಕ್ಯಾಮೆರಾ ಕಡೆ ಮುಖಮಾಡಿ ಕುಳಿತು ಮಾತಾಡುತ್ತಾರೆ. ಟಿಕೆಟ್ ಕೊಂಡು ಕುಳಿತ ಪ್ರೇಕ್ಷಕನೇ ನ್ಯಾಯಾಧೀಶ.

ಅಕುತಗಾವ ಎಂಬ ಲೇಖಕನ ಎರಡು ಸಣ್ಣ ಕತೆಗಳಿಂದ, ಒಂದು 1915ರದು, ಇನ್ನೊಂದು 1922ರದು, ಈ ಚಿತ್ರ ಹುಟ್ಟಿತು. ಚಿತ್ರೀಕರಣಕ್ಕೆ ಮುನ್ನ ಸಹಾಯಕ ನಿರ್ದೇಶಕರೇ ಕುರೊಸಾವ ಬಳಿ ಬಂದು ಸ್ಕ್ರಿಪ್ಟ್ ಅರ್ಥವಾಗಲಿಲ್ಲ ಎಂದಿದ್ದರು. ಹಣ ಹಾಕಿದ ಕಂಪೆನಿಯ ಮುಖ್ಯಸ್ಥನಿಗೂ ಅದು ಹಿಡಿಸಿರಲಿಲ್ಲ. 1951ರಲ್ಲಿ ವೆನಿಸ್ ಚಿತ್ರೋತ್ಸವಕ್ಕೆ ಚಿತ್ರ ಹೋದದ್ದೇ ಕುರೊಸಾವಗೆ ಗೊತ್ತಿರಲಿಲ್ಲ. ಮೀನು ಹಿಡಿಯಲು ಹೋಗಿ ಬರಿಗೈಲಿ ಮನೆಗೆ ಬಂದಾಗ, ಅಲ್ಲಿ ಅತ್ಯುನ್ನತ ಪ್ರಶಸ್ತಿ ಬಂತೆಂಬ ಸುದ್ದಿಯನ್ನು ಹೆಂಡತಿ ಹೇಳಿದಳಂತೆ. ಜಪಾನಿನ ಸಿನಿಮಾ ಎಂಬುದೊಂದು ಇದೆ ಎಂದು ಯುರೋಪಿಗೂ ಅಮೆರಿಕಕ್ಕೂ ತಿಳಿದದ್ದು ಆವತ್ತು.

ಹೀಗೆ ಒಂದು ಚಿತ್ರ ನೋಡಿದವರ ಮೇಲೆ ಏನು ಮಾಡುತ್ತದೆ? ಕಲ್ಕತ್ತೆಯಲ್ಲಿ ಸತ್ಯಜಿತ್ ರಾಯ್ ಇದನ್ನು ಸತತ ಮೂರು ದಿನ ಹೋಗಿ ಮೂರು ಸಲ ನೋಡಿದರು. ಆಗಿನ್ನೂ 'ಪಥೇರ್ ಪಾಂಚಾಲಿ' ತೆರೆಗೆ ಬಂದಿರಲಿಲ್ಲ. ಮದರಾಸಿನಲ್ಲಿ ವೀಣೆಯ ಎಸ್. ಬಾಲಚಂದರ್ ಇದರ ಪ್ರಭಾವದಲ್ಲಿ 1954ರಲ್ಲಿ ಎ.ವಿ.ಎಂ. ಸಂಸ್ಥೆಗೆ 'ಅಂದ ನಾಳ್' ಮಾಡಿದರು. ಶುರುವಿನಲ್ಲೇ ಶಿವಾಜಿ ಗಣೇಶನ್ ಗುಂಡೇಟಿಗೆ ಬಲಿ. ಆಮೇಲೆ ಒಬ್ಬೊಬ್ಬರದು ಒಂದೊಂದು ಕತೆ. ಹಾಡುಗಳೇ ಇಲ್ಲದ ತಮಿಳು ಚಿತ್ರ, ಆ ಕಾಲಕ್ಕೆ ಹುಚ್ಚು ಸಾಹಸ. ಅದರ ನಾಯಕಿ ಪಂಢರಿಬಾಯಿ ಕನ್ನಡತಿ. ಅದೇ 1954ರಲ್ಲಿ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್ ಜೋಡಿಯಾಗಿ ಕಾಣಿಸಿಕೊಂಡವರೂ ಅವರೇ. ಬೇಡರ ನಾಡಾದ ಸುರಪುರ ಸೀಮೆಯಲ್ಲಿ ಈ ಎರಡನೆಯ ಚಿತ್ರದ ಹೆಸರು ಹೇಳಿದರೆ ಸಾಕು. ಕನ್ನಡದಲ್ಲಿ ಕುರೊಸಾವರ ನೆರಳು ಮೊದಲು ಬಿದ್ದದ್ದು ಬೇರೆ ದಾರಿಯಿಂದ. ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಕುರೊಸಾವರ ಸಮುರಾಯ್ ಚಿತ್ರಗಳ ಋಣ ಹೊತ್ತದ್ದು, ಶಂಕರನಾಗ್ ತೆರೆಗೆ ಬಂದ ಚಿತ್ರ. ಒಂದೇ ಘಟನೆಯನ್ನು ಹಲವರ ಬಾಯಲ್ಲಿ ಹೇಳಿಸುವ 'ರಶೋಮನ್' ಕ್ರಮ ಹೆಸರಿನಲ್ಲೇ ಬಂದದ್ದು 2014ರಲ್ಲಿ, ರಕ್ಷಿತ್ ಶೆಟ್ಟಿ ಅವರ 'ಉಳಿದವರು ಕಂಡಂತೆ'ಯಲ್ಲಿ. ಸಿನಿಮಾದ ಹೊರಗೂ ಅದರ ಹೆಸರು ನಡೆದಿದೆ. ಕಂಡವರ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಸಮಾಜಶಾಸ್ತ್ರಜ್ಞರೂ ವಕೀಲರೂ ಅದನ್ನು 'ರಶೋಮನ್ ಪರಿಣಾಮ' ಎನ್ನುತ್ತಾರೆ.

ಇಂಥ ಚಿತ್ರ ಈ ಭಾಗದವರಿಗೆ ಎಲ್ಲಿ ಸಿಗಬೇಕು ಎಂದು ಕೇಳಬಹುದು. ಇಲ್ಲಿಗೆ ಪರದೆ ಬಂದ ಬಗೆಯೇ ಸ್ವಾರಸ್ಯದ್ದು. 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಗುವವರೆಗೆ ಈ ಮೂರೂ ಊರು ಗುಲ್ಬರ್ಗ ಜಿಲ್ಲೆಗೆ ಸೇರಿದ್ದವು. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ ಪ್ರಯೋಗ ನಡೆದಾಗ, ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲು ಇಲ್ಲಿನ ಕೆಲವು ಹಳ್ಳಿಗಳ ಜನ ಟಿ.ವಿ. ಮುಂದೆ ಕುಳಿತಿದ್ದರು. ಈಗಂತೂ ಕೈಯಲ್ಲಿ ಮೊಬೈಲ್ ಇದ್ದವನಿಗೆ ಕ್ಯೋತೊದ ಮಳೆ ದೂರವಲ್ಲ.

ಆದರೆ ವಿದೇಶಿ ಅಪರಾಧ ಚಿತ್ರಗಳೆಲ್ಲ ಒಂದೇ ಬಗೆಯ ಗುರುತು ಬಿಡುವುದಿಲ್ಲ. 'ರಶೋಮನ್' ಅನುಮಾನವನ್ನು ಬಿಟ್ಟುಹೋಗುತ್ತದೆ. ಇನ್ನು ಕೆಲವು ಚಿತ್ರಗಳು ಒಂದು ಮುಖವನ್ನು ಅಚ್ಚೊತ್ತಿ ಹೋಗುತ್ತವೆ. ಭಾರತದ ಬಗ್ಗೆ ಪಶ್ಚಿಮದ ಸಿನಿಮಾ ಒತ್ತಿದ ಅಂಥ ಒಂದು ಅಚ್ಚು ಠಗ್ಗನದು. ಕೈಯಲ್ಲಿ ಕರವಸ್ತ್ರ, ಬಾಯಲ್ಲಿ ಕಾಳಿಯ ಹೆಸರು, ಪ್ರಯಾಣಿಕರ ಜತೆ ಸ್ನೇಹ ಬೆಳೆಸಿ ಕತ್ತು ಹಿಸುಕುವ ಕಸುಬು. 1939ರ 'ಗಂಗಾ ದಿನ್' ಚಿತ್ರದಲ್ಲಿ ಇವನಿದ್ದಾನೆ. ಬ್ರಿಟನ್ನಿನ ಹ್ಯಾಮರ್ ಕಂಪೆನಿಯ 'ದಿ ಸ್ಟ್ರಾಂಗ್ಲರ್ಸ್ ಆಫ್ ಬಾಂಬೆ'ಯಲ್ಲಿ (1959) ಇದ್ದಾನೆ. 1984ರ 'ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್'ನಲ್ಲಿ ಅಮರೀಶ್ ಪುರಿಯ ಮುಖ ಹೊತ್ತು ಬಂದ. ಆ ಚಿತ್ರದ ಕತೆಗೆ ಇಲ್ಲಿ ಒಪ್ಪಿಗೆ ಸಿಗದೆ ಚಿತ್ರೀಕರಣ ಶ್ರೀಲಂಕಾದಲ್ಲಿ ನಡೆಯಿತು. 1988ರಲ್ಲಿ ಇಸ್ಮಾಯಿಲ್ ಮರ್ಚೆಂಟ್ ನಿರ್ಮಿಸಿದ 'ದಿ ಡಿಸೀವರ್ಸ್' ಬಂತು. ಈ ಚಿತ್ರಗಳನ್ನು ನೋಡಿದವರಿಗೆ ಠಗ್ಗ ಯಾರೆಂದು ಕೇಳಿದರೆ ಕೂಡಲೇ ಉತ್ತರ ಬರುತ್ತದೆ. ಯೋಚಿಸುವ ಕೆಲಸವೇ ಇಲ್ಲ.

ಈ ಠಗ್ಗನನ್ನು ಇಂಗ್ಲಿಷ್ ಓದುಗರ ಮನೆಮಾತು ಮಾಡಿದ ಕಾದಂಬರಿ ಬರೆದವನು ಸುರಪುರದಲ್ಲಿ ಹನ್ನೆರಡು ವರ್ಷ ಆಡಳಿತ ನಡೆಸಿದವನು. ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಗುಡ್ಡದ ಮೇಲೆ ಇವತ್ತಿಗೂ ನಿಂತಿರುವ ಟೇಲರ್ ಮಂಜಿಲ್ ಅವನದೇ ಮನೆ.

ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ಮೀಸೆ ಮೂಡದ ವಯಸ್ಸಿನಲ್ಲಿ ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಕೆಲಸಕ್ಕೆಂದು ಬಂದವನು ನಿಜಾಮನ ಸೈನ್ಯ ಸೇರಿದ. ಉರ್ದು, ಮರಾಠಿ ಕಲಿತ. ಆ ದಿನಗಳಲ್ಲಿ ಸ್ಲೀಮನ್ ಎಂಬ ಅಧಿಕಾರಿ ಠಗ್ಗರ ಬೇಟೆ ನಡೆಸಿದ್ದ. ಹೈದರಾಬಾದ್ ಸೀಮೆಯಲ್ಲಿ ಸಿಕ್ಕಿಬಿದ್ದವರ ಹೇಳಿಕೆ ಪಡೆಯುವ ಕೆಲಸದಲ್ಲಿ ಟೇಲರನೂ ಪಾಲುಗೊಂಡ. ಅದರ ಫಲವಾಗಿ 1839ರಲ್ಲಿ ಲಂಡನ್ನಿನಲ್ಲಿ 'ಕನ್ಫೆಷನ್ಸ್ ಆಫ್ ಎ ಠಗ್' ಮೂರು ಸಂಪುಟಗಳಲ್ಲಿ ಹೊರಬಂತು. ರಾಣಿ ವಿಕ್ಟೋರಿಯಾ ಅಚ್ಚಾಗುತ್ತಿದ್ದ ಹಾಳೆಗಳನ್ನೇ ತರಿಸಿಕೊಂಡು ಓದಿದಳೆಂದು ಹೇಳುತ್ತಾರೆ. ಅದರಲ್ಲಿ ಅಮೀರ್ ಅಲಿ ಎಂಬ ಠಗ್ಗ ಸೆರೆಯಲ್ಲಿ ಕುಳಿತು ಒಬ್ಬ ಸಾಹೇಬನಿಗೆ ತನ್ನ ಬಾಳಿನ ಕತೆ ಹೇಳುತ್ತಾನೆ. ಕೊಂದವರ ಲೆಕ್ಕ 719 ಎನ್ನುತ್ತಾನೆ. ಸೆರೆ ಸಿಕ್ಕದಿದ್ದರೆ ಸಾವಿರ ಮುಟ್ಟುತ್ತಿತ್ತು ಎಂದು ಪೇಚಾಡುತ್ತಾನೆ. ಸಾಹೇಬ ಹೆಚ್ಚು ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತಾನೆ. 'ರಶೋಮನ್'ನ ಕಾಣದ ನ್ಯಾಯಾಧೀಶನ ಹಾಗೆಯೇ. ವ್ಯತ್ಯಾಸ ಒಂದೇ: ಇಲ್ಲಿ ಸಾಕ್ಷಿ ಒಬ್ಬನೇ.

ಆ ಸಾಕ್ಷಿ ಎಂಥವನು ಎಂಬುದನ್ನೂ ನೋಡಬೇಕು. ಠಗ್ಗರ ಮೊಕದ್ದಮೆಗಳು ನಿಂತದ್ದೇ ಮಾಫಿ ಸಾಕ್ಷಿಗಳ ಮೇಲೆ. ಸಿಕ್ಕಿಬಿದ್ದವನು ತನ್ನ ತಪ್ಪು ಒಪ್ಪಿಕೊಂಡು ಜತೆಗಾರರ ಹೆಸರು ಹೇಳಿದರೆ ಅವನ ಜೀವ ಉಳಿಯುತ್ತಿತ್ತು. ಹೇಳಿದಷ್ಟೂ ಅವನ ಬೆಲೆ ಹೆಚ್ಚು. ಹಾಗೆಂದು ದಾರಿಯಲ್ಲಿ ಕೊಲೆಗಳಾಗಲಿಲ್ಲ ಎಂದಲ್ಲ. ಹೂತ ಹೆಣಗಳು ಸಿಕ್ಕಿವೆ. ಆದರೆ ದೇಶದುದ್ದಕ್ಕೂ ಹರಡಿದ, ವಂಶಪಾರಂಪರ್ಯದ, ಕಾಳಿಗೆ ಬಲಿ ಕೊಡುವ ಒಂದೇ ಗುಪ್ತ ಪಂಗಡವಿತ್ತೆಂಬ ಚಿತ್ರ ಎಷ್ಟರ ಮಟ್ಟಿಗೆ ಕೊಲೆಗಾರರದು, ಎಷ್ಟರ ಮಟ್ಟಿಗೆ ಪ್ರಶ್ನೆ ಕೇಳಿದವರದು ಎಂಬ ಬಗ್ಗೆ ಇತಿಹಾಸಕಾರರು ಇಂದಿಗೂ ವಾದಿಸುತ್ತಿದ್ದಾರೆ. ಹುಟ್ಟಿನಿಂದಲೇ ಅಪರಾಧಿ ಎಂಬ ಆ ಕಲ್ಪನೆ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಾಗಿ ಎಷ್ಟೋ ಸಮುದಾಯಗಳ ಹಣೆಗೆ ಬರೆಯಿತು. ಅದನ್ನು ಅಳಿಸಲು 1952ರವರೆಗೆ ಕಾಯಬೇಕಾಯಿತು.

ಈ ಕಾದಂಬರಿಯ ಕೀರ್ತಿ ಹೊತ್ತೇ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದ. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮನಿಗೂ ದರಬಾರಿನವರಿಗೂ ನಡುವೆ ಎಳೆದಾಟ. ಪೊಲಿಟಿಕಲ್ ಏಜೆಂಟನಾಗಿ ಟೇಲರ್ 1853ರವರೆಗೆ ಸಂಸ್ಥಾನ ನಡೆಸಿದ, ಹುಡುಗನಿಗೆ ಓದು ಕಲಿಸಿದ, ಬಿಡುವಾದಾಗ ರಾಜನಕೋಳೂರಿನ ಕಲ್ಗೋರಿಗಳನ್ನೂ ಜೇವರ್ಗಿಯ ಶಿಲಾವರ್ತುಲಗಳನ್ನೂ ಅಳೆದು ಅಗೆದು ವಿದ್ವತ್ ಪತ್ರಿಕೆಗಳಿಗೆ ಬರೆದ. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಇದೆಲ್ಲ ಎಲ್ಲಿಂದ ತಿಳಿಯುತ್ತದೆ? ಟೇಲರನ ಆತ್ಮಕತೆ 'ಸ್ಟೋರಿ ಆಫ್ ಮೈ ಲೈಫ್'ನಿಂದ. ಸುರಪುರದ ಆ ಕಾಲದ ಬಗ್ಗೆ ಬರೆಯುವವರೆಲ್ಲ ಮೊದಲು ಕೈಗೆತ್ತಿಕೊಳ್ಳುವ ಪುಸ್ತಕ ಅದು. ರಾಣಿಯ ನಡತೆ ಹೇಗಿತ್ತು, ದಿವಾನ ಎಂಥವನು, ರೈತರು ಯಾರನ್ನು ಮೆಚ್ಚಿದರು, ಎಲ್ಲಕ್ಕೂ ಸಾಕ್ಷಿ ಟೇಲರ್. ರಾಣಿ ಈಶ್ವರಮ್ಮ ತನ್ನ ಕತೆ ಬರೆಯಲಿಲ್ಲ. 'ರಶೋಮನ್' ನೋಡಿದವನು ಇಲ್ಲಿ ಒಂದು ಗಳಿಗೆ ನಿಲ್ಲುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕನ್ನಡದಲ್ಲಿ ಮೊದಲೇ ಇತ್ತು ನಿಜ. ಗಾದೆ ಬಾಯಲ್ಲಿರುತ್ತದೆ, ಸಿನಿಮಾ ಕಣ್ಣಿಗೆ ಹತ್ತುತ್ತದೆ.

1857ರ ದಂಗೆಯ ಬಿಸಿ ಸುರಪುರಕ್ಕೆ ತಟ್ಟಿದಾಗ ವೆಂಕಟಪ್ಪ ನಾಯಕನಿಗೆ ಇಪ್ಪತ್ಮೂರು ಇಪ್ಪತ್ನಾಲ್ಕರ ಪ್ರಾಯ. 1858ರ ಫೆಬ್ರುವರಿಯಲ್ಲಿ ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡಮ್ ಪಡೆ ತಂದು ಸುರಪುರದ ಬಳಿ ಬಿಡಾರ ಹೂಡಿದ. ರಾತ್ರಿ ಬೇಡರ ಪಡೆ ಮೇಲೆ ಬಿತ್ತು. ಹೋರಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತ. ಬ್ರಿಟಿಷರಿಗೆ ಇನ್ನಷ್ಟು ಪಡೆ ಬರುತ್ತಿದ್ದಂತೆ ರಾಜ ಊರು ಬಿಟ್ಟು ಹೈದರಾಬಾದಿಗೆ ಹೋದ. ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗನ ಆಳುಗಳು ಹಿಡಿದು ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಿದರು. ಸೈನಿಕ ನ್ಯಾಯಾಲಯ ವಿಚಾರಣೆ ನಡೆಸಿತು.

ಆಗ ರೆಸಿಡೆಂಟ್ ಡೇವಿಡ್ಸನ್ ಟೇಲರನನ್ನೇ ಸೆರೆಮನೆಗೆ ಕಳಿಸಿದ. ಈ ಭೇಟಿಯಷ್ಟು ಸಿನಿಮಾದಂಥ ದೃಶ್ಯ ಸುರಪುರದ ಇತಿಹಾಸದಲ್ಲಿ ಇನ್ನೊಂದಿಲ್ಲ. ಸೆರೆಯಲ್ಲಿ ಕುಳಿತ ಅಪರಾಧಿ ಸಾಹೇಬನ ಮುಂದೆ ಎಲ್ಲವನ್ನೂ ಹೇಳಿಕೊಳ್ಳುವ ಕಾದಂಬರಿ ಬರೆದು ಹೆಸರಾದವನು, ಈಗ ನಿಜವಾದ ಸೆರೆಮನೆಗೆ, ತಾನೇ ಬೆಳೆಸಿದ ಹುಡುಗನ ಎದುರಿಗೆ ಹೋಗಿದ್ದಾನೆ. ಹುಡುಗ 'ಅಪ್ಪಾ' ಎಂದು ಅಪ್ಪಿಕೊಂಡ. ದಂಗೆಗೆ ಯಾರು ಕುಮ್ಮಕ್ಕು ಕೊಟ್ಟರೆಂದು ಹೇಳಿದರೆ, ರೆಸಿಡೆಂಟನನ್ನು ಕಂಡು ಬೇಡಿಕೊಂಡರೆ, ಕರುಣೆ ಸಿಗಬಹುದೆಂದು ಟೇಲರ್ ತಿಳಿಹೇಳಿದ. ರಾಜ ಹೆಸರು ಹೇಳಲು ಒಪ್ಪಲಿಲ್ಲ. ಹೇಡಿಯಂತೆ ಜೀವ ಬೇಡಲಾರೆನೆಂದ. ಸಾಯಲು ಅಂಜಿಕೆಯಿಲ್ಲ, ಆದರೆ ಕಳ್ಳನಂತೆ ಗಲ್ಲಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದು ಕೇಳಿಕೊಂಡ. ಅಮೀರ್ ಅಲಿ ಮಾಡಿದ್ದನ್ನು ವೆಂಕಟಪ್ಪ ನಾಯಕ ಮಾಡಲಿಲ್ಲ. ಮಾಫಿ ಸಾಕ್ಷಿಯಾಗಲಿಲ್ಲ.

ಇದನ್ನು ದಾಖಲಿಸಿದವನೂ ಟೇಲರನೇ. ಅವನಿಗೆ ಅದು ದಾರಿ ತಪ್ಪಿದ ಮಗನ ದುರಂತ. ಅದೇ ಪುಟಗಳನ್ನು ಆಧರಿಸಿ ಸಾವರ್ಕರ್ 1909ರಲ್ಲಿ 1857ರ ಬಗ್ಗೆ ಬರೆದ ಪುಸ್ತಕದಲ್ಲಿ ಸುರಪುರದ ರಾಜನನ್ನು ಸ್ವಾತಂತ್ರ್ಯವೀರನಾಗಿ ನಿಲ್ಲಿಸಿದರು. ಸಾಕ್ಷಿ ಒಂದು, ಓದು ಎರಡು.

ಮರಣದಂಡನೆಯಾಯಿತು. ಡೇವಿಡ್ಸನ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಅದನ್ನೂ ಇಳಿಸಿ, ಮದರಾಸಿನ ಬಳಿಯ ಚೆಂಗಲ್‌ಪೇಟೆ ಕೋಟೆಯಲ್ಲಿ ನಾಲ್ಕು ವರ್ಷ ಸೆರೆ ಎಂದು ಗೊತ್ತುಮಾಡಿದ. ನಡತೆ ಚೆನ್ನಾಗಿದ್ದರೆ ಸಂಸ್ಥಾನ ಮರಳಿ ಸಿಗುವ ಆಸೆಯೂ ಇತ್ತು. ಕಾವಲಿನೊಂದಿಗೆ ಹೊರಟ ರಾಜ ಹೈದರಾಬಾದು ಬಿಟ್ಟ ಸ್ವಲ್ಪದರಲ್ಲೇ ಡೇರೆಯೊಂದರಲ್ಲಿ ಗುಂಡೇಟಿನಿಂದ ಸತ್ತ. ಜತೆಗಿದ್ದ ಅಧಿಕಾರಿ ತನ್ನ ರಿವಾಲ್ವರನ್ನು ಡೇರೆಯಲ್ಲಿ ಬಿಟ್ಟು ಹೊರಹೋಗಿದ್ದ, ಅಷ್ಟರಲ್ಲಿ ಗುಂಡಿನ ಸದ್ದು ಕೇಳಿತು ಎಂಬುದು ಟೇಲರನಿಗೆ ಮುಟ್ಟಿದ ವರದಿ. ಡೇರೆಯೊಳಗೆ ಆ ಹೊತ್ತು ಬೇರೆ ಯಾರೂ ಇರಲಿಲ್ಲ, ಅಥವಾ ಇರಲಿಲ್ಲವೆಂದು ಹೇಳಲಾಯಿತು. ಟೇಲರ್ ಸ್ವತಃ ಅಲ್ಲಿರಲಿಲ್ಲ.

ಈ ಒಂದು ಸಾವಿಗೆ ನಾಲ್ಕು ಉತ್ತರಗಳಿವೆ.

ತಾನೇ ಹಾರಿಸಿಕೊಂಡ ಎಂಬುದು ಸರಕಾರದ ಉತ್ತರ. ಪರರ ಸೆರೆಗಿಂತ ಸಾವೇ ಲೇಸೆಂದು ಬಗೆದ ಎಂದು ಅದನ್ನೇ ಅಭಿಮಾನದಿಂದ ಹೇಳುವವರೂ ಇದ್ದಾರೆ. ಬ್ರಿಟಿಷರೇ ಮೋಸದಿಂದ ಕೊಂದು ಆತ್ಮಹತ್ಯೆಯ ಕತೆ ಕಟ್ಟಿದರು ಎಂಬುದು ಈ ನೆಲದಲ್ಲಿ ಬಲವಾಗಿ ಬೇರೂರಿದ ಉತ್ತರ. ನಾಲ್ಕು ವರ್ಷ ಕಳೆದರೆ ಗದ್ದುಗೆ ಸಿಗುವಂತಿದ್ದವನು ಯಾಕೆ ಸಾಯಬೇಕು ಎಂದು ಅವರು ಕೇಳುವ ಪ್ರಶ್ನೆಗೆ ಸುಲಭದ ಮರುಮಾತಿಲ್ಲ. ಮೂರನೆಯದು ಟೇಲರ್ ತನ್ನ ಪುಸ್ತಕದಲ್ಲಿ ಬಹಳ ಮುತುವರ್ಜಿಯಿಂದ ಹೇಳಿದ ಜಾತಕದ ಕತೆ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಸಾವು ಎಂದು ಹುಟ್ಟಿದಾಗಲೇ ಜೋಯಿಸರು ಬರೆದಿಟ್ಟಿದ್ದರು, ಆ ಗುಟ್ಟು ಕೆಲವೇ ಮಂದಿಗೆ ತಿಳಿದಿತ್ತು, ಶಿಕ್ಷೆ ಇಳಿದಾಗಲೂ ಅದನ್ನು ಬಲ್ಲವರು ನಂಬಲಿಲ್ಲ, ಕಡೆಗೆ ಬರೆದಂತೆಯೇ ಆಯಿತು. ನಾಲ್ಕನೆಯ ಉತ್ತರವನ್ನು ಹೇಳುವವರು ಕಡಿಮೆ. ಆ ರಿವಾಲ್ವರನ್ನು ಒಬ್ಬ ಯುವಕ ಕೈಗೆತ್ತಿಕೊಂಡು ತಿರುವಿ ನೋಡುವಾಗ ಕೈತಪ್ಪಿ ಹಾರಿರಬಹುದು.

ಸಮುರಾಯ್‌ನ ಸಾವಿನ ಹೇಳಿಕೆಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿ. ಅಲ್ಲಿಯೂ ಕೊಲೆ, ಆತ್ಮಹತ್ಯೆ, ಎಡವಟ್ಟು. ಒಂದೊಂದು ಉತ್ತರದಿಂದ ಯಾರ ಮಾನ ಉಳಿಯುತ್ತದೆ ಎಂದು ಕೇಳುವುದನ್ನು ಆ ಚಿತ್ರ ಕಲಿಸುತ್ತದೆ. ಆತ್ಮಹತ್ಯೆಯಾದರೆ ಕಾವಲಿನವರ ಮೇಲೆ ಬರುವುದು ಅಜಾಗರೂಕತೆಯ ಮಾತಷ್ಟೆ. ಕೊಲೆಯಾದರೆ ರಾಜ ಹುತಾತ್ಮ, ಶತ್ರು ವಂಚಕ. ಜಾತಕದಿಂದಾದರೆ ಯಾರದೂ ತಪ್ಪಿಲ್ಲ; ಗಲ್ಲು ವಿಧಿಸಿದವರದೂ ಅಲ್ಲ, ದತ್ತುತಂದೆಯಂತಿದ್ದು ಉಳಿಸಿಕೊಳ್ಳಲಾಗದವನದೂ ಅಲ್ಲ. ಟೇಲರ್ ಆ ಕತೆಯನ್ನು ಅಷ್ಟು ಅಕ್ಕರೆಯಿಂದ ಬರೆದದ್ದಕ್ಕೆ ಇದೇ ಕಾರಣವಿರಬಹುದು. ಕೈತಪ್ಪಿ ಹಾರಿದ ಗುಂಡು ಮಾತ್ರ ಯಾರ ಮಾನಕ್ಕೂ ಒದಗುವುದಿಲ್ಲ. ಅದಕ್ಕೇ ಅದಕ್ಕೆ ಹೇಳುವವರಿಲ್ಲ, ಲಾವಣಿಯಿಲ್ಲ.

ಟೇಲರ್ ಸುಳ್ಳುಗಾರನೆಂದು ಇದರ ಅರ್ಥವಲ್ಲ. ಅವನ ಕಾಲದ ಇಂಗ್ಲಿಷ್ ಅಧಿಕಾರಿಗಳಲ್ಲಿ ಈ ನೆಲದ ಜನರನ್ನು ಅವನಷ್ಟು ಹಚ್ಚಿಕೊಂಡವರು ವಿರಳ. ಹೆಸರು ಹೇಳಲೊಪ್ಪದ ರಾಜನ ಧೈರ್ಯವನ್ನು ಮುಚ್ಚಿಡದೆ ಬರೆದದ್ದೂ ಅವನ ದೊಡ್ಡತನ. ಸೌದೆಯವನ ಹಾಗೆ ಎಲ್ಲರಿಗಿಂತ ನಂಬತಕ್ಕ ಸಾಕ್ಷಿ ಅವನೇ. ಆದರೆ ಸೌದೆಯವನ ಮನೆಯಲ್ಲಿ ಕಠಾರಿ ಇತ್ತು. ರಾಜ ಸೋತ ಮೇಲೆ 1858ರಲ್ಲಿ ಸುರಪುರದ ಆಡಳಿತಕ್ಕೆ ಬಂದು ಕುಳಿತವನೂ ಟೇಲರನೇ ಎಂಬುದನ್ನು ಅವನ ಪುಸ್ತಕ ಓದುವಾಗ ಮರೆಯುವಂತಿಲ್ಲ.

ಸುರಪುರದವರ ಬಗ್ಗೆ ಪರರ ಸಾಕ್ಷಿ ಇದೇ ಮೊದಲಲ್ಲ. 1705ರಲ್ಲಿ ಔರಂಗಜೇಬನೇ ಇಳಿವಯಸ್ಸಿನಲ್ಲಿ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅವನ ಬದುಕಿನ ಕೊನೆಯ ದೊಡ್ಡ ಮುತ್ತಿಗೆ ಅದು. ಕೋಟೆ ಬಿದ್ದರೂ ಪಿಡ್ಡ ನಾಯಕ ಕೈಗೆ ಸಿಗಲಿಲ್ಲ. ಮೊಗಲರ ಕಡೆಯ ಬರಹಗಾರರು ಬೇಡರನ್ನು ದರೋಡೆಕೋರರ ಸಾಲಿಗೆ ಸೇರಿಸಿ ಬರೆದರು. ಬಾದಶಹನ ಪಡೆಯನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದವರಿಗೆ ಇಟ್ಟ ಹೆಸರು ಅದು. ತಾಜೊಮಾರುವನ್ನು ದರೋಡೆಕೋರ ಎನ್ನುವುದಕ್ಕೆ ಅವನ ಬಾಯಿಂದಲೇ ಬಂದ ಒಪ್ಪಿಗೆಯಿದೆ. ಪಿಡ್ಡ ನಾಯಕನನ್ನು ಯಾರು ಕೇಳಿದರು?

ಎದುರು ಪಕ್ಷದ ಸಾಕ್ಷಿ ಹೇಗಿರುತ್ತದೆಂದು ತಿಳಿಯಲು ಬಾಗಲಕೋಟೆ ಕಡೆಯ ಹಲಗಲಿಯನ್ನು ನೋಡಬೇಕು. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲದ ಅಲ್ಲಿನ ಬೇಡರ ಮೇಲೆ ಬ್ರಿಟಿಷರು ಬಿದ್ದು ಊರನ್ನೇ ಸುಟ್ಟರು. ಅಧಿಕಾರಿಗಳ ಕಡತದಲ್ಲಿ ಅದೊಂದು ದಂಗೆ ಅಡಗಿಸಿದ ಪ್ರಕರಣ. ಆದರೆ ಜನ ಅದನ್ನು ಲಾವಣಿ ಮಾಡಿ ಹಾಡಿದರು. ಶಾಸನ ತಜ್ಞ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಅದನ್ನು ಬರೆದುಕೊಂಡು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದ. ಹೀಗಾಗಿ ಹಲಗಲಿಯ ಬಗ್ಗೆ ತೀರ್ಪು ಹೇಳಲು ಕುಳಿತವರ ಮುಂದೆ ಎರಡೂ ಕಡೆಯ ಮಾತುಗಳಿವೆ. ಸುರಪುರದ ರಾಜನ ಕಡೆಯ ಮಾತು ಬಾಯಿಂದ ಬಾಯಿಗೆ ಬಂದದ್ದು. ಅದನ್ನು ಹೇಳುವ ಹಿರಿಯರು ಸುರಪುರ, ಹುಣಸಗಿ ಕಡೆಯ ಮನೆಗಳಲ್ಲಿ ಇದ್ದರೆ, ಕುಳಿತು ಕೇಳಿ ಬರೆದಿಟ್ಟುಕೊಳ್ಳುವ ಕೆಲಸಕ್ಕೆ ಈಗ ಯಾವ ಸಾಹೇಬನೂ ಬೇಕಿಲ್ಲ.

'ರಶೋಮನ್'ನಲ್ಲಿ ಸತ್ತವನಿಗೂ ಸಾಕ್ಷಿ ಹೇಳುವ ಅವಕಾಶ ಸಿಕ್ಕಿತು. ಅವನ ಮಾತೂ ಪೂರ್ತಿ ನಿಜವಾಗಿರಲಿಲ್ಲ, ಆದರೆ ಕೇಳಿಸಿಕೊಂಡರು. ವೆಂಕಟಪ್ಪ ನಾಯಕನಿಗೆ ಅಷ್ಟೂ ಸಿಗಲಿಲ್ಲ. 1860ರ ಒಪ್ಪಂದದಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಬಿಟ್ಟುಕೊಟ್ಟರು. ಅದೇ ವರ್ಷ ಟೇಲರ್ ಆರೋಗ್ಯ ಕೆಟ್ಟು ಹಡಗು ಹತ್ತಿದ. 1876ರಲ್ಲಿ ಫ್ರಾನ್ಸಿನ ಕಡಲತೀರದ ಮಾಂತೊ ಪಟ್ಟಣದಲ್ಲಿ ತೀರಿಕೊಂಡ. ಮಗಳು ಆಲಿಸ್ ಹಸ್ತಪ್ರತಿಯನ್ನು ಒಪ್ಪಮಾಡಿ ಮರುವರ್ಷ ಅಚ್ಚಿಗೆ ಕೊಟ್ಟಳು. ಆ ಪುಸ್ತಕ ಹೊರಬಂದಾಗ ರಾಜ ಸತ್ತು ಹತ್ತೊಂಬತ್ತು ವರ್ಷವಾಗಿತ್ತು. ಅದು ಇಂಗ್ಲಿಷಿನಲ್ಲಿತ್ತು, ಇಂಗ್ಲೆಂಡಿನ ಓದುಗರಿಗಾಗಿ.